ಗಾಂಧಿ ಬಜಾರಿನ ಬಸವ ಮತ್ತು ಸಂಗ್ರಹಾಲಯದ ವೀರಗಲ್ಲು

ಒಂದು ನಗರದ ಸಂಸ್ಕೃತಿಯನ್ನು ಅರಿಯಬೇಕೆಂಬ ಅಪೇಕ್ಷೆಯಿಂದ ಹೊರಡುವವನು ಮೊದಲು ಎಲ್ಲಿಗೆ ಹೋಗಬೇಕು? ಪಾಶ್ಚಾತ್ಯ ದೇಶಗಳಲ್ಲಿ ಈ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದುಂಟು: ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ, ಕಲಾಶಾಲೆಗೆ. ನಮ್ಮ ಹಿರಿಯರನ್ನು ಕೇಳಿದ್ದರೆ ಅವರು ದೇವಾಲಯವನ್ನೋ ಮಠವನ್ನೋ ಸಂತೆ ಜಾತ್ರೆಗಳನ್ನೋ ತೋರಿಸುತ್ತಿದ್ದರು. ಬೆಂಗಳೂರಿನಲ್ಲಿ ಈ ಎರಡು ಉತ್ತರಗಳೂ ಒಂದೇ ಊರಿನೊಳಗೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಹಾದಿಯಲ್ಲಿ ಎದುರುಬದುರಾಗಿ ನಿಂತಿವೆ. ಒಂದು ಕಡೆ ಗಾಂಧಿ ಬಜಾರು ಮತ್ತು ಅದರ ಮೇಲಣ ಗುಡ್ಡದ ಬಸವ. ಇನ್ನೊಂದು ಕಡೆ ಕಸ್ತೂರ್ಬಾ ರಸ್ತೆಯ ಸಂಗ್ರಹಾಲಯಗಳು. ಇವೆರಡರಲ್ಲಿ ನಮ್ಮ ಪರಂಪರೆ ಎಲ್ಲಿ ಸುರಕ್ಷಿತವಾಗಿದೆ, ಎಲ್ಲಿ ಜೀವಂತವಾಗಿದೆ, ಸುರಕ್ಷಿತವಾಗಿರುವುದೂ ಜೀವಂತವಾಗಿರುವುದೂ ಒಂದೆಯೆ ಎಂಬುದನ್ನು ವಿಮರ್ಶಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಬಸವನಗುಡಿ ಬಡಾವಣೆ ಹುಟ್ಟಿದ್ದು ಒಂದು ವಿಪತ್ತಿನಿಂದ. ೧೮೯೮ರಲ್ಲಿ ಪ್ಲೇಗು ಮಾರಿ ಬೆಂಗಳೂರಿನ ಇಕ್ಕಟ್ಟಾದ ಪೇಟೆಬೀದಿಗಳನ್ನು ಹೊಕ್ಕಾಗ, ಜನರಿಗೆ ಗಾಳಿ ಬೆಳಕಿನ ನೆಲೆ ಬೇಕೆಂದು ದಕ್ಷಿಣದಲ್ಲಿ ಬಸವನಗುಡಿಯೂ ಉತ್ತರದಲ್ಲಿ ಮಲ್ಲೇಶ್ವರವೂ ರೂಪುಗೊಂಡವು. ಎರಡು ಬಡಾವಣೆಗಳೂ ಅಲ್ಲಿ ಮೊದಲೇ ಇದ್ದ ದೇವಾಲಯಗಳಿಂದ ಹೆಸರು ಪಡೆದುವೆಂಬುದು ಗಮನಾರ್ಹ. ಬೀದಿಗಳು ಹೊಸವು, ಆದರೆ ಹೆಸರಿನ ಬೇರು ಹಳೆಯದು. ಹೀಗೆ ಬೆಳೆದ ಬಡಾವಣೆಯ ಅಂಗಡಿಬೀದಿಯೇ ಗಾಂಧಿ ಬಜಾರು.

ಗೌರಿ ಹಬ್ಬದ ಮುನ್ನಾದಿನ ಈ ಬೀದಿಯಲ್ಲಿ ನಡೆದವರಿಗೆ ಒಂದು ವಿಷಯ ತಾನಾಗಿಯೇ ಹೊಳೆಯುತ್ತದೆ. ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆಯ ಮಾರು, ಮರದ ಬಾಗಿನ, ಗ್ರಂಧಿಗೆ ಅಂಗಡಿಯ ಅರಿಶಿನ ಕುಂಕುಮ, ಇವನ್ನು ಜೋಡಿಸಿಟ್ಟ ಕೈಗಳಿಗೆ ಯಾವ ಕಲಾಶಾಲೆಯ ಶಿಕ್ಷಣವೂ ದೊರೆತಿಲ್ಲ; ಆದರೂ ಬಣ್ಣದ ಪಕ್ಕದಲ್ಲಿ ಯಾವ ಬಣ್ಣವಿಡಬೇಕೆಂಬ ವಿವೇಕ ಅವಕ್ಕೆ ಉಂಟು. ೧೯೪೩ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದಲ್ಲಿ ದೋಸೆಗಾಗಿ ಕಾಯುತ್ತ ಕುಳಿತವರು ತಲೆಯೆತ್ತಿದರೆ ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳು ಕಾಣುತ್ತವೆ. ಪ್ರವೇಶಪತ್ರವಿಲ್ಲದ ಚಿತ್ರಶಾಲೆಯೆಂದು ಅದನ್ನು ಕರೆದರೆ ಅತಿಶಯೋಕ್ತಿಯಾಗಲಾರದು. ಸಮೀಪದಲ್ಲಿಯೇ ಬಿ. ಪಿ. ವಾಡಿಯಾ ಅವರು ೧೯೪೫ರಲ್ಲಿ ಸ್ಥಾಪಿಸಿದ ವಿಶ್ವ ಸಂಸ್ಕೃತಿ ಸಂಸ್ಥೆ; ಅದೇ ವರ್ಷ ಡಿ. ವಿ. ಗುಂಡಪ್ಪನವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ೧೯೦೫ರ ಬೆಂಗಳೂರು ಗಾಯನ ಸಮಾಜ. ಚಾಮರಾಜಪೇಟೆಯ ಕಡೆಗೆ ಹೊರಳಿದರೆ ೧೯೧೫ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು. ಇವು ಯಾವುವೂ ಸಂಗ್ರಹಾಲಯಗಳಲ್ಲ. ಆದರೆ ಇಲ್ಲಿ ಕೇಳಿಸಿಕೊಂಡ ಮಾತು, ಓದಿದ ಪುಸ್ತಕ, ಸಂಗೀತ, ಇವುಗಳಿಂದಲೇ ಹಳೆಯ ಬೆಂಗಳೂರಿನ ಅಭಿರುಚಿ ರೂಪುಗೊಂಡಿತು.

ಇನ್ನು ಬಸವನ ಸನ್ನಿಧಿಗೆ ಬರೋಣ. ಬಜಾರಿನಿಂದ ಮೇಲೇರಿ ಹೋದರೆ ಕಹಳೆ ಬಂಡೆಯ ನೆರೆಯಲ್ಲಿ, ಸುಮಾರು ಹದಿನೈದು ಅಡಿ ಎತ್ತರದ, ಇಪ್ಪತ್ತು ಅಡಿ ಉದ್ದದ ಏಕಶಿಲಾ ನಂದಿ. ದೇವಾಲಯವನ್ನು ಕೆಂಪೇಗೌಡರ ಹೆಸರಿನೊಡನೆ ಸಂಪ್ರದಾಯ ಬೆಸೆದಿದೆ. ಭಕ್ತರು ಅದನ್ನು ನೋಡುವುದು ಕೈಮುಗಿಯುವುದಕ್ಕೆ. ಶಿಲ್ಪವೆಂದು ನೋಡುವವರು ವಿರಳ. ಶಿಲ್ಪವೆಂದು ನೋಡಿದರೆ ಕೆಲವು ಮಾತು ಹೇಳಬೇಕಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಆದ ಚಾಮುಂಡಿಬೆಟ್ಟದ ನಂದಿಯಲ್ಲಿ ಗಂಟೆಸರ, ಹಾರಗಳ ಕುಸುರಿ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಬಸವನಗುಡಿಯ ಬಸವನಲ್ಲಿ ಆ ಕುಸುರಿಯ ವೈಭವ ಇಲ್ಲ. ಇಲ್ಲಿಯ ಶಿಲ್ಪಿ ಬಂಡೆಯ ಗಾತ್ರವನ್ನೇ ನಂಬಿದ್ದಾನೆ. ಮಲಗಿ ಮೆಲುಕು ಹಾಕುವ ಎತ್ತಿನ ಮೈಭಾರ, ಹಿಣಿಲಿನಿಂದ ಬೆನ್ನಿಗೆ ಇಳಿಯುವ ದುಂಡು, ಏಳದೆಯೂ ಏಳಬಲ್ಲೆನೆಂಬ ಕೊರಳಿನ ಬಿಗುವು, ಇವು ಹೊಲದಲ್ಲಿ ಎತ್ತನ್ನು ದಿನವೂ ಕಂಡವನ ಕೈಯಿಂದ ಬಂದವು. ಒಕ್ಕಲುತನದ ನಾಡಿಗೆ ಒಪ್ಪುವ ಶಿಲ್ಪ ಅದು.

ಆದರೆ ಅದನ್ನು ಪೂರ್ಣವಾಗಿ ನೋಡಿದವರು ಎಷ್ಟು ಮಂದಿ? ಮೂಲತಃ ಬೂದುಬಣ್ಣದ ಕಲ್ಲು, ತಲೆತಲಾಂತರದ ಎಣ್ಣೆಯ ಲೇಪದಿಂದ ಕಪ್ಪಾಗಿದೆ. ಹೂವಿನ ಅಲಂಕಾರದ ದಿನ ಕೊರಳೇ ಕಾಣುವುದಿಲ್ಲ. ಇದನ್ನು ದೋಷವೆಂದು ಹೇಳುತ್ತಿಲ್ಲ. ಪೂಜೆಯ ನಿಯಮ ಬೇರೆ, ನೋಟದ ನಿಯಮ ಬೇರೆ ಎಂದಷ್ಟೇ ಸೂಚಿಸುತ್ತಿದ್ದೇವೆ. ಪೂಜೆ ಆ ಕಲ್ಲನ್ನು ಬಿಸಿಲು ಮಳೆಗಳಿಂದ, ಉಪೇಕ್ಷೆಯಿಂದ ಕಾಪಾಡಿತು. ಅದೇ ಪೂಜೆ ಶಿಲ್ಪಿಯ ಕೈಗೆಲಸವನ್ನು ಮುಚ್ಚಿಯೂ ಇಟ್ಟಿತು.

ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯ ಕಥೆಯನ್ನು ಓದುಗರು ಬಲ್ಲರು. ಬೆಳೆಯನ್ನು ಮೇಯುತ್ತಿದ್ದ ಬಸವ ಕಲ್ಲಾದನೆಂದೂ, ರೈತರು ಪಶ್ಚಾತ್ತಾಪದಿಂದ ಮೊದಲ ಫಸಲನ್ನು ಅರ್ಪಿಸತೊಡಗಿದರೆಂದೂ ಪ್ರತೀತಿ. ಕಡಲೆಕಾಯಿ ದಕ್ಷಿಣ ಅಮೆರಿಕದ ಮೂಲದ ಬೆಳೆ. ಅದು ನಮ್ಮ ದೇಶಕ್ಕೆ ಬಂದದ್ದು ಪೋರ್ತುಗೀಜರ ಆಗಮನದ ನಂತರ. ಆದ್ದರಿಂದ ಈ ಕಥೆ ಅನಾದಿಯಲ್ಲ. ಆದರೆ ಹೊಸದಾಗಿ ಬಂದ ಬೆಳೆಯನ್ನು ಹಳೆಯ ದೇವರಿಗೆ ಒಪ್ಪಿಸಿ ತನ್ನದಾಗಿಸಿಕೊಂಡ ನಾಡಿನ ಮನಸ್ಸು ಈ ಕಥೆಯಲ್ಲಿದೆ. ಚರಿತ್ರೆ ತಿಳಿದರೆ ಭಕ್ತಿ ಕುಂದುವುದಿಲ್ಲ; ಕಥೆಯ ಅರ್ಥ ಇನ್ನಷ್ಟು ಹಿಗ್ಗುತ್ತದೆ.

ಈಗ ಕಸ್ತೂರ್ಬಾ ರಸ್ತೆಯ ಕಡೆಗೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸ್ಥಾಪಿತವಾದದ್ದು ೧೮೬೫ರಲ್ಲಿ, ಬೌರಿಂಗ್ ಅವರು ಕಮಿಷನರ್ ಆಗಿದ್ದ ಕಾಲದಲ್ಲಿ. ೧೮೭೭ರಲ್ಲಿ ಅದು ಈಗಿನ ಕೆಂಪು ಕಟ್ಟಡಕ್ಕೆ ಬಂದಿತು. ದೇಶದ ಹಳೆಯ ಸಂಗ್ರಹಾಲಯಗಳಲ್ಲಿ ಅದೂ ಒಂದು. ಅಲ್ಲಿರುವ ಸಂಪತ್ತಿನಲ್ಲಿ ಎರಡು ಕಲ್ಲುಗಳನ್ನು ಮಾತ್ರ ಇಲ್ಲಿ ಪರಾಮರ್ಶಿಸುತ್ತೇವೆ.

ಮೊದಲನೆಯದು ಬೇಗೂರಿನ ವೀರಗಲ್ಲು. ಗಂಗರ ಎರೆಯಪ್ಪನ ಪರವಾಗಿ ನಾಗತ್ತರನೆಂಬ ವೀರ ನೊಳಂಬ ವೀರಮಹೇಂದ್ರನ ಸೈನ್ಯದೊಡನೆ ತುಂಬೆಪಾಡಿಯಲ್ಲಿ ಕಾದಿ, ಆನೆಯೊಡನೆ ಹೋರಾಡಿ ಮಡಿದನೆಂಬುದೂ, ಆ ಬಳಿಕ ಇರುಗನಿಗೆ ನಾಗತ್ತರ ಪದವಿಯೂ ಬೇಗೂರು ಮೊದಲಾದ ಹಳ್ಳಿಗಳೂ ದೊರೆತುವೆಂಬುದೂ ಅದರ ಬರಹದ ಸಾರ. ಸಾಮಾನ್ಯ ವೀರಗಲ್ಲಿನಲ್ಲಿ ಕೆಳಗೆ ಯುದ್ಧ, ನಡುವೆ ದೇವಕನ್ನಿಕೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಸನ್ನಿಧಿಯಲ್ಲಿ ವೀರ ಎಂಬ ಕ್ರಮ ಉಂಟು. ಈ ಕಲ್ಲಿನ ಶಿಲ್ಪಿಗೆ ಸ್ವರ್ಗದ ಅವಸರವಿಲ್ಲ. ಆನೆ, ಕುದುರೆ, ಕಾಲಾಳುಗಳು ಒಬ್ಬರ ಮೇಲೊಬ್ಬರು ಬಿದ್ದಂತೆ ಇಡಿಕಿರಿದ ರಣರಂಗವನ್ನೇ ಅವನು ದೊಡ್ಡದಾಗಿ ಕಂಡರಿಸಿದ್ದಾನೆ. ಸಾಯುವ ಮನುಷ್ಯನ ಗದ್ದಲ ಆ ಕಲ್ಲಿನಲ್ಲಿ ಕೇಳಿಸುತ್ತದೆ. ಇದೇ ನಾಗತ್ತರನ ಮನೆಮಗ ಬುಟ್ಟಣಸೆಟ್ಟಿ ಬೆಂಗಳೂರಿನ ಕಾಳಗದಲ್ಲಿ ಸತ್ತನೆಂದು ಹೇಳುವ ಇನ್ನೊಂದು ಶಾಸನ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿದೆ. ಕ್ರಿ. ಶ. ೮೯೦ರ ಸುಮಾರಿನದೆನ್ನಲಾದ ಅದರಲ್ಲಿ ಬೆಂಗಳೂರೆಂಬ ಹೆಸರು ಇರುವುದರಿಂದ, ೧೫೩೭ರಲ್ಲಿ ಕೆಂಪೇಗೌಡರು ಊರು ಕಟ್ಟುವುದಕ್ಕೆ ಆರು ಶತಮಾನಗಳಿಗೂ ಮೊದಲೇ ಆ ಹೆಸರು ಬಳಕೆಯಲ್ಲಿತ್ತೆಂದು ತಿಳಿಯುತ್ತದೆ.

ಎರಡನೆಯದು ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಈ ಶಾಸನ ಕ್ರಿ. ಶ. ೯೪೯-೫೦ರದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಪ್ರಸಂಗ ಅದರಲ್ಲಿ ಬರುವುದರಿಂದ ಇತಿಹಾಸಕಾರರಿಗೆ ಅದು ಅಮೂಲ್ಯ. ಆದರೆ ಕಲ್ಲು ನಿಂತಿರುವುದು ರಾಜನಿಗಾಗಿ ಅಲ್ಲ, ಒಂದು ನಾಯಿಗಾಗಿ. ಗಂಗರ ಬೂತುಗನ ಸೇವಕ ಮಣಲೆರನು ತನ್ನ ಪರಾಕ್ರಮಕ್ಕೆ ಪ್ರತಿಫಲವಾಗಿ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದ. ಅದು ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಈ ಕಲ್ಲು. ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಪರಸ್ಪರ ಕಚ್ಚಿ ಹಿಡಿದಿವೆ. ಯಾವುದು ಗೆಲ್ಲುತ್ತದೆಂದು ಶಿಲ್ಪಿ ಹೇಳುವುದಿಲ್ಲ. ಎರಡೂ ಬಿಡುವುದಿಲ್ಲವೆಂದು ಮಾತ್ರ ತೋರಿಸುತ್ತಾನೆ. ಇಷ್ಟು ಕಡಿಮೆ ಗೆರೆಗಳಲ್ಲಿ ಇಷ್ಟು ಹಟವನ್ನು ಹಿಡಿದಿಟ್ಟ ಕೃತಿಗಳು ನಮ್ಮಲ್ಲಿ ಹೆಚ್ಚಿಲ್ಲ.

ಈ ಶಾಸನದಲ್ಲಿ ಇನ್ನೊಂದು ಸಂಗತಿ ಇದೆ. ಕಲ್ಲಿನ ಪೂಜೆಗಾಗಿ ಭೂಮಿಯನ್ನು ಬಿಟ್ಟು, ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಅವನಿಗೆ ಆ ನಾಯಿಯ ಪಾಪ ತಟ್ಟುವುದೆಂದು ಅದು ವಿಧಿಸುತ್ತದೆ. ಸಾವಿರ ವರ್ಷಗಳ ಹಿಂದಿನ ಆ ವಿಧಿ ಈಗ ಯಾರ ಮೇಲಿದೆ? ಗೊರವನಿಲ್ಲ, ಭೂಮಿಯಿಲ್ಲ, ಆತಕೂರಿನ ಗುಡಿಯ ಅಂಗಳವೂ ಇಲ್ಲ. ಕಲ್ಲು ಮಾತ್ರ ಸಂಗ್ರಹಾಲಯದ ಆಶ್ರಯದಲ್ಲಿದೆ. ಸಂಗ್ರಹಾಲಯಗಳೆಂದರೆ ದೇವರುಗಳ ಸ್ಮಶಾನವೆಂದು ಆಕ್ಷೇಪಿಸುವ ಹಿರಿಯರು ನಮ್ಮಲ್ಲಿ ಉಂಟು. ಅವರ ಆಕ್ಷೇಪಕ್ಕೆ ಈ ಕಲ್ಲಿಗಿಂತ ಬಲವಾದ ಸಾಕ್ಷ್ಯ ದೊರೆಯಲಾರದು.

ಆದರೆ ಆಕ್ಷೇಪವನ್ನು ಒಪ್ಪುವ ಮೊದಲು ಇನ್ನೊಂದು ಪಕ್ಷವನ್ನೂ ಕೇಳಬೇಕು. ಕೆಲವು ವರ್ಷಗಳ ಹಿಂದೆ, ಹಳ್ಳಿಯಿಂದ ಬಂದು ಉಚಿತ ವಿದ್ಯಾರ್ಥಿನಿಲಯದಲ್ಲಿ ಓದುತ್ತಿದ್ದ ಇಬ್ಬರು ಹುಡುಗರನ್ನು ಒಂದು ಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆ. ಅದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಒಂದು ವೀರಗಲ್ಲಿನ ಮುಂದೆ ನಿಂತೆವು. ಪಕ್ಕದ ಚೀಟಿಯಲ್ಲಿ ವೀರಗಲ್ಲು ಎಂಬ ಮಾತೂ ಶತಮಾನದ ಅಂಕಿಯೂ ಮಾತ್ರ ಇದ್ದವು. ಸತ್ತವನ ಹೆಸರಿಲ್ಲ, ಏತಕ್ಕೆ ಸತ್ತನೆಂಬುದಿಲ್ಲ, ಕಲ್ಲಿನ ಮೇಲಣ ಬರಹ ಏನೆಂಬುದಿಲ್ಲ. ಚಿಕ್ಕವನು ಬಹಳ ಹೊತ್ತು ನೋಡಿ, “ಮೇಷ್ಟ್ರೇ, ನಮ್ಮೂರ ಕೆರೆತಾವೂ ಇಂಥದೇ ಒಂದು ಕಲ್ಲು ಐತೆ. ಅದ್ರ ಮ್ಯಾಲೆ ಬಟ್ಟೆ ಒಗೀತಾರೆ” ಎಂದ. ಅವನ ಮಾತಿನಲ್ಲಿ ನಾಚಿಕೆಯೂ ಇತ್ತು, ಒಂದು ಬಗೆಯ ಹೆಮ್ಮೆಯೂ ಇತ್ತು. ಊರಿನಲ್ಲಿದ್ದ ಕಲ್ಲು ಬಟ್ಟೆ ಒಗೆಯುವ ಹಾಸಾಯಿತು. ನಗರಕ್ಕೆ ಬಂದ ಕಲ್ಲು ಅಂಕಿಯಾಯಿತು. ಎರಡು ಕಡೆಯೂ ವೀರನ ಹೆಸರು ಅಳಿಯಿತು. ಹಾಗಾದರೆ ತಪ್ಪು ಸ್ಥಳದ್ದಲ್ಲ. ಕಲ್ಲು ಎಲ್ಲಿದೆ ಎಂಬುದಕ್ಕಿಂತ, ಎದುರು ಬಂದು ನಿಂತವನಿಗೆ ಅದು ತನ್ನ ಮಾತನ್ನು ಹೇಳಬಲ್ಲುದೇ ಎಂಬುದೇ ಮುಖ್ಯ. ಸಂಗ್ರಹಾಲಯವನ್ನಾಗಲಿ ದೇವಾಲಯವನ್ನಾಗಲಿ ಈ ಒಂದು ಒರೆಗಲ್ಲಿನಿಂದ ತೂಗಿ ನೋಡಬೇಕು.

ಈ ಒರೆಗಲ್ಲನ್ನು ಹಿಡಿದು ನೋಡಿದರೆ, ಎಲ್ಲ ವಸ್ತುಗಳಿಗೂ ಒಂದೇ ಆಶ್ರಯ ಸಲ್ಲದೆಂಬುದೂ ಸ್ಪಷ್ಟವಾಗುತ್ತದೆ. ಕೆ. ವೆಂಕಟಪ್ಪನವರ ಚಿತ್ರಗಳನ್ನು ತೆಗೆದುಕೊಳ್ಳಿ. ೧೮೮೬ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು, ಮರಳಿ ಬಂದು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸಮಾಡಿದ ಮಹನೀಯರು ಅವರು, ೧೯೬೫ರಲ್ಲಿ ಕಾಲವಾದರು. ಉದಕಮಂಡಲ, ಕೊಡೈಕನಾಲ್‌ಗಳ ಬೆಟ್ಟಗಳನ್ನು ಅವರು ಜಲವರ್ಣದಲ್ಲಿ ಬಿಡಿಸಿದ್ದಾರೆ. ಮಂಜು, ನೀರು, ಬೆಳಕು ಇವೇ ಅಲ್ಲಿಯ ವಸ್ತು. ಕುಂಚ ಅವಸರಪಟ್ಟ ಗುರುತು ಎಲ್ಲಿಯೂ ಇಲ್ಲ. ಶ್ರುತಿ ಸೇರಿಸಿಕೊಂಡು ಕುಳಿತ ವೈಣಿಕನ ಸಂಯಮ ಆ ಬಣ್ಣಗಳಲ್ಲಿದೆ. ಒಂದು ಕೊರತೆಯನ್ನೂ ಹೇಳಬಹುದು: ಅತಿಯಾದ ನಯದಿಂದ ಕೆಲವು ಚಿತ್ರಗಳಲ್ಲಿ ಬೆಟ್ಟದ ಗಡಸು ಮರೆಯಾಗುತ್ತದೆ, ನೋಡುವವನಿಗೆ ಗಾಳಿಯ ಚಳಿ ತಾಕುವುದಿಲ್ಲ. ಅದೇನೇ ಇರಲಿ, ಈ ಕೃತಿಗಳು ಗುಡಿಗಾಗಿ ಆದವಲ್ಲ, ಅಂಗಡಿಬೀದಿಯ ಬಿಸಿಲನ್ನು ತಾಳಬಲ್ಲವೂ ಅಲ್ಲ. ಜಲವರ್ಣ ಬೆಳಕಿಗೆ ಮಾಸುತ್ತದೆ. ಅವಕ್ಕೆ ಸಂಗ್ರಹಾಲಯವೇ ಮನೆ. ಅವರ ಹೆಸರಿನ ಕಲಾಶಾಲೆಯನ್ನು ಖಾಸಗಿ ಪ್ರತಿಷ್ಠಾನದ ನಿರ್ವಹಣೆಗೆ ವಹಿಸುವ ಏರ್ಪಾಟನ್ನು ನಗರದ ಕಲಾವಿದರು ೨೦೧೬ರಲ್ಲಿ ಬಹಿರಂಗವಾಗಿ ವಿರೋಧಿಸಿದ್ದು, ಆ ಮನೆ ಎಲ್ಲರದಾಗಿ ಉಳಿಯಬೇಕೆಂಬ ಕಾಳಜಿಯಿಂದಲೇ.

ಇದಕ್ಕೆ ವಿರುದ್ಧವಾದ ಉದಾಹರಣೆ ತೊಗಲುಗೊಂಬೆ. ೧೯೬೦ರಲ್ಲಿ ಸ್ಥಾಪಿತವಾದ ಕರ್ನಾಟಕ ಚಿತ್ರಕಲಾ ಪರಿಷತ್ತು, ಎಂ. ಎಸ್. ನಂಜುಂಡರಾಯರ ಶ್ರಮದಿಂದ, ಮೈಸೂರು ಸಂಪ್ರದಾಯದ ಚಿತ್ರಗಳನ್ನೂ ತೊಗಲುಗೊಂಬೆಗಳನ್ನೂ ಕೂಡಿಸಿ ನಾಡಿಗೆ ದೊಡ್ಡ ಉಪಕಾರ ಮಾಡಿದೆ. ಅದಿಲ್ಲದಿದ್ದರೆ ಎಷ್ಟೋ ಗೊಂಬೆಗಳು ಹೊರದೇಶಕ್ಕೋ ಹುಳುವಿನ ಬಾಯಿಗೋ ಹೋಗುತ್ತಿದ್ದವು. ಆದರೂ ಗೋಡೆಗೆ ತೂಗಿದ ಗೊಂಬೆ ಅರ್ಧ ಗೊಂಬೆ. ಹಿಂದೆ ದೀಪ ಉರಿಯಬೇಕು, ಮುಂದೆ ಪರದೆ ಇರಬೇಕು, ಆಡಿಸುವವನ ಕೊರಳಿನಿಂದ ಮಾತು ಬರಬೇಕು. ಆಗ ಆ ಕೆಂಪು ಹಸುರುಗಳು ಹೊತ್ತಿಕೊಳ್ಳುತ್ತವೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಗೌರವ ಸಂದಿತು. ತೊಂಬತ್ತು ದಾಟಿದ ಆ ತಾಯಿಯ ಕಂಠದಲ್ಲಿರುವುದನ್ನು ಯಾವ ಗಾಜಿನ ಪೆಟ್ಟಿಗೆಯೂ ಹಿಡಿದಿಡಲಾರದು. ಅದೇ ಪರಿಷತ್ತು ೨೦೦೩ರಿಂದ ನಡೆಸಿಕೊಂಡು ಬಂದ ಚಿತ್ರಸಂತೆ ಈ ಕೊರತೆಯನ್ನು ಅರಿತು ಮಾಡಿದ ಕೆಲಸವೆಂದು ತೋರುತ್ತದೆ. ಚಿತ್ರವನ್ನು ಬೀದಿಗೆ ತಂದು, ಬರೆದವನನ್ನೂ ಕೊಳ್ಳುವವನನ್ನೂ ಮುಖಾಮುಖಿ ನಿಲ್ಲಿಸಿದ್ದು ನಮ್ಮ ಪರಿಷೆಯ ಪದ್ಧತಿಯೇ.

೨೦೦೯ರಲ್ಲಿ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ತೆರೆಯಿತು. ೨೦೨೩ರಲ್ಲಿ ಕಸ್ತೂರ್ಬಾ ರಸ್ತೆಯಲ್ಲಿಯೇ ಕಲೆ ಮತ್ತು ಛಾಯಾಚಿತ್ರಗಳ ಖಾಸಗಿ ಸಂಗ್ರಹಾಲಯವೊಂದು ಆರಂಭವಾಯಿತು. ಇವುಗಳಿಂದ ಬೆಂಗಳೂರಿನ ಗೌರವ ಹೆಚ್ಚಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಾಂಧಿ ಬಜಾರಿನಲ್ಲಿ ಹೂ ಕಟ್ಟುವ ತಾಯಿ ಅಲ್ಲಿಗೆ ಹೋಗಿ ಸಂಕೋಚವಿಲ್ಲದೆ ಒಂದು ಗಂಟೆ ಕಳೆಯುವ ದಿನ ಬಂದಾಗ ಮಾತ್ರ ಆ ಗೌರವ ಪೂರ್ಣವಾಗುತ್ತದೆ. ಅದಕ್ಕೆ ಬೇಕಾದುದು ದೊಡ್ಡ ಕಟ್ಟಡವಲ್ಲ. ಅವಳ ಕನ್ನಡದಲ್ಲಿ ನಾಲ್ಕು ಸಾಲಿನ ವಿವರಣೆ, ಬಾಗಿಲಲ್ಲಿ ಒಂದು ಒಳ್ಳೆಯ ಮಾತು.

ಇಷ್ಟು ಹೇಳಿದ ಮೇಲೆ ನಮ್ಮ ಬೆನ್ನನ್ನು ನಾವೇ ನೋಡಿಕೊಳ್ಳಬೇಕು. ವಚನಗಳ ಓಲೆಗರಿಗಳ ಕಥೆ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಮನೆಮನೆಯ ಜಗಲಿಯಲ್ಲಿ, ಮಠಗಳ ಪೆಟ್ಟಿಗೆಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳಿಗೆ ವಿಭೂತಿ ಹಚ್ಚಿ ಪೂಜೆ ನಡೆಯುತ್ತಿತ್ತು. ಬಿಚ್ಚಿ ಓದುವವರು ಮಾತ್ರ ವಿರಳರಾಗಿದ್ದರು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಬೇಡಿ ತಂದು, ಬಿಚ್ಚಿ, ಓದಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಪೂಜೆ ಇಲ್ಲದಿದ್ದರೆ ಓಲೆ ಅವರ ಕೈಗೆ ಬರುವವರೆಗೆ ಉಳಿಯುತ್ತಿರಲಿಲ್ಲ. ಅವರು ಬಿಚ್ಚದಿದ್ದರೆ ಪೂಜೆಯೊಳಗೇ ಅದು ಮೌನವಾಗಿ ಪುಡಿಯಾಗುತ್ತಿತ್ತು. ಕಾಪಾಡಿದವರಿಗೂ ಓದಿದವರಿಗೂ ನಾವು ಸಮಾನವಾಗಿ ಋಣಿಗಳು. ಕಲ್ಲಿನ ವಿಷಯದಲ್ಲಿಯೂ ನ್ಯಾಯ ಇದೇ. ಆತಕೂರಿನ ಕಲ್ಲನ್ನು ಅರ್ಥಮಾಡಿಕೊಂಡು ಓದುವವನು ಆ ಗೊರವನ ಕರ್ತವ್ಯವನ್ನೇ ಇನ್ನೊಂದು ರೀತಿಯಲ್ಲಿ ನೆರವೇರಿಸುತ್ತಾನೆ.

ಮೂರನೆಯ ಮಾರ್ಗವೊಂದು ನಮ್ಮ ಕಣ್ಣೆದುರಿಗೇ ತೆರೆದಿದೆ. ೨೦೧೮ರಲ್ಲಿ ಹೆಬ್ಬಾಳದಲ್ಲಿ ಚರಂಡಿ ತೋಡುವಾಗ ಒಂದು ಕಲ್ಲು ಹೊರಬಂತು. ಗಂಗ ಶ್ರೀಪುರುಷನ ಕಾಲದ, ಕ್ರಿ. ಶ. ೭೫೦ರ ಸುಮಾರಿನ, ಕಿತ್ತಯ್ಯನೆಂಬ ವೀರನ ಸ್ಮಾರಕ ಅದೆಂದು ತಿಳಿಯಿತು. ಶಾಸನಾಸಕ್ತರೂ ಸ್ಥಳೀಯರೂ ಕೂಡಿ ಅದನ್ನು ಅದೇ ಊರಿನಲ್ಲಿ ಮಂಟಪ ಕಟ್ಟಿ ನಿಲ್ಲಿಸಿದರು. ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ಬೆಂಗಳೂರಿನ ಶಾಸನಗಳನ್ನು ಯಂತ್ರದಿಂದ ಮೂರು ಆಯಾಮಗಳಲ್ಲಿ ದಾಖಲಿಸಿ, ಕಲ್ಲು ಸವೆದರೂ ಅಕ್ಷರ ಉಳಿಯುವಂತೆ ಮಾಡುತ್ತಿದ್ದಾರೆ. ೧೯೦೫ರಲ್ಲಿ ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಸಂಪುಟ ಹೊರತಂದಾಗ ಇದ್ದ ಎಷ್ಟೋ ಕಲ್ಲುಗಳು ಇಂದು ರಸ್ತೆಯ ಅಡಿಯಲ್ಲಿ, ಮನೆಯ ತಳಪಾಯದಲ್ಲಿ ಹೋಗಿವೆ. ಇರುವವುಗಳನ್ನಾದರೂ ಇದ್ದಲ್ಲಿಯೇ, ಊರವರ ಕಣ್ಣಳತೆಯಲ್ಲಿ ಉಳಿಸಿಕೊಳ್ಳುವುದು ಸಾಧ್ಯವೆಂದು ಹೆಬ್ಬಾಳ ತೋರಿಸಿದೆ.

ಶ್ರೀಮಠದ ಪ್ರಸಾದವನ್ನುಂಡು ಓದಿ, ಇಂದು ನಾಡಿನ ಮೂಲೆಮೂಲೆಗಳಲ್ಲಿ ಉಪಾಧ್ಯಾಯರಾಗಿ, ಅಧಿಕಾರಿಗಳಾಗಿ, ಒಕ್ಕಲಿಗರಾಗಿ ಇರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಊರಿನ ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ವೀರಗಲ್ಲೋ ಮಾಸ್ತಿಗಲ್ಲೋ ಇದ್ದೇ ಇರುತ್ತದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಅದಕ್ಕೆ ತೈಲವರ್ಣ ಬಳಿಯಗೊಡಬೇಡಿ. ಅಕ್ಷರವನ್ನು ಉಜ್ಜಿ ಹೊಳಪು ಮಾಡಗೊಡಬೇಡಿ. ಬಲ್ಲವರಿಂದ ಓದಿಸಿ, ಅದರಲ್ಲಿರುವ ಹೆಸರನ್ನು ಊರಿನ ಶಾಲೆಯ ಗೋಡೆಯ ಮೇಲೆ ಬರೆಯಿಸಿ. ಮುಂದಿನ ಬಾರಿ ಬೆಂಗಳೂರಿಗೆ ಬಂದಾಗ ಬಸವನಗುಡಿಯ ಬಸವನಿಗೆ ಕೈಮುಗಿದ ಮೇಲೆ ಒಂದು ಕ್ಷಣ ನಿಂತು ಅವನ ಕೊರಳಿನ ಬಿಗುವನ್ನು ನೋಡಿ; ಆತಕೂರಿನ ಕಲ್ಲಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಕಾಳಿಯ ಕಥೆಯನ್ನು ಹೇಳಿ.

ಅಂದು ಸಂಗ್ರಹಾಲಯದಿಂದ ಮರಳುವಾಗ ಆ ಹುಡುಗನಿಗೆ ಇಷ್ಟನ್ನೇ ಹೇಳಿದ್ದೆ. ರಜೆಗೆ ಊರಿಗೆ ಹೋದವನು ಕೆರೆಯ ಬಳಿಯ ಕಲ್ಲನ್ನು ಗೆಳೆಯರೊಡನೆ ತೊಳೆದು ಎತ್ತಿ ನಿಲ್ಲಿಸಿದನಂತೆ. ಒಗೆಯುವವರಿಗೆ ಬೇರೊಂದು ಹಾಸುಗಲ್ಲನ್ನೂ ತಂದು ಹಾಕಿದನಂತೆ. ಕಲ್ಲಿನ ಕೆಳಗಿನ ಬದಿಯಲ್ಲಿ ನಾಲ್ಕು ಸಾಲು ಅಕ್ಷರಗಳಿವೆ, ಓದಲು ಯಾರನ್ನಾದರೂ ಕಳುಹಿಸಿ ಎಂದು ಕಾಗದ ಬರೆದಿದ್ದ.